ಮಾವ ನನ್ನ ಮಾತು ಒಪ್ಪಿಕೊಂಡ ದಿನ

ಮೊನ್ನೆ ನಮ್ಮ ಮೊಮ್ಮಗಳು ಮೊಳಕೆ ಕಟ್ಟಿದ ರಾಗಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಎಲ್ಲೋ ಮೂಲೆಯಲ್ಲಿಟ್ಟು ಮರೆತುಬಿಟ್ಟಿದ್ದಳು. ಡಬ್ಬಿ ತೆಗೆದದ್ದೇ ತಡ, ಹುಳಿಹುಳಿಯಾದ, ಬೆಚ್ಚಗಿನ ನಾತವೊಂದು ಅಡಿಗೆಮನೆ ತುಂಬಿತು. ಮಂಡಿನೋವಿನ ಮುದುಕ ನಾನು, ಎಲ್ಲಿಂದ ಬಂತೋ ಆ ಚುರುಕು, ಎದ್ದು ಹೋಗಿ ಡಬ್ಬಿ ಕಿತ್ತುಕೊಂಡು ಹಿತ್ತಲಿಗೆ ಎಸೆದೆ. ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಹುಡುಗಿ ನಕ್ಕಳು. ತಾತ ಏನೋ ಹೊಸ ಆಟ ಕಟ್ಟಿದ್ದಾನೆ ಎಂದುಕೊಂಡಳು.

ಅವಳದೇನೂ ತಪ್ಪಿಲ್ಲ ಬಿಡಿ. ಹೊಸದುರ್ಗದಿಂದ ಹೊಳಲ್ಕೆರೆವರೆಗೆ ನನ್ನ ಕೈಯಲ್ಲಿ ಏಮಾರದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನಾನೇ ಹಾರ ಹಾಕುತ್ತೇನೆ. ಒಂದು ಸಲ ದೊಡ್ಡದೊಂದು ಕುಂಬಳಕಾಯಿಗೆ ಕಂಬಳಿ ಹೊದಿಸಿ ಬಸ್ಸಿನ ಸೀಟಿನ ಮೇಲೆ ಕೂರಿಸಿ, ಅಜ್ಜಿಗೆ ಹುಷಾರಿಲ್ಲ, ಎಬ್ಬಿಸಬೇಡಿ ಎಂದು ಕಂಡಕ್ಟರನಿಗೆ ಹೇಳಿ ಹೊಳಲ್ಕೆರೆಯಿಂದ ಚಿತ್ರದುರ್ಗದವರೆಗೆ ಕಾಲು ಚಾಚಿಕೊಂಡು ಬಂದವನು ನಾನು. ಆ ಪುಣ್ಯಾತ್ಮ ಇಳಿಯುವಾಗ ಅಜ್ಜಿಗೆ ಕೈ ಕೊಡಲಾ ಎಂದೂ ಕೇಳಿದ. ಇಂಥವನ ಮೊಮ್ಮಗಳು ಇನ್ನೇನು ತಿಳಿದುಕೊಂಡಾಳು?

ಆದರೆ ಆ ನಾತದ ವಿಷಯದಲ್ಲಿ ನಾನು ಆಟ ಆಡುವುದಿಲ್ಲ. ಕೊಳೆತ ರಾಗಿಯ ಆ ಉಸಿರು ನನ್ನ ಮಾವನನ್ನು ಇನ್ನೇನು ನುಂಗಿಯೇ ಬಿಟ್ಟಿತ್ತು.

ಮಾವ ಎಂದರೆ ನಮ್ಮ ತಾಯಿಯ ಅಣ್ಣ ತಿಪ್ಪಯ್ಯ. ಆಮೇಲೆ ಮಗಳು ಗೌರಮ್ಮನನ್ನು ನನಗೇ ಕೊಟ್ಟು ಎರಡು ಕಡೆಯಿಂದಲೂ ಮಾವನಾದ. ಹೊಸದುರ್ಗದಿಂದ ಆಚೆ, ಕೆರೆಯ ಕೆಳಗಿನ ಸಣ್ಣ ಊರು ಅವರದು. ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ಮಣ್ಣಿನ ಮಾಳಿಗೆಯ ಮನೆ. ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಮಾವನ ಬೈಗುಳ. ಬೆಳಗ್ಗೆ ಕುರಿಗಳಿಂದ ಶುರು ಮಾಡಿ, ಬಿಸಿಲು ಏರಿದ ಮೇಲೆ ಅಕ್ಕಪಕ್ಕದವರಿಗೆ ಹಂಚಿ, ಊಟದ ಹೊತ್ತಿಗೆ ಅತ್ತೆಯ ಪಾಲು ಅತ್ತೆಗೆ ಕೊಡುತ್ತಿದ್ದ. ನನಗೆ ಮಾತ್ರ ವಿಶೇಷವಾದವನ್ನು ಎತ್ತಿಟ್ಟಿರುತ್ತಿದ್ದ. ನಾನು ಏನು ಹೇಳಿದರೂ ಆತ ಇಲ್ಲ ಅನ್ನಬೇಕು. ಮಳೆ ಬರುತ್ತದೆ ಮಾವ ಎಂದರೆ ತಲೆಯ ಮೇಲೆ ಹನಿ ಬೀಳುತ್ತಿದ್ದರೂ, ‘ನಿನ್ ತಲೆ ಬರ್ತೈತೆ’ ಅನ್ನುತ್ತಿದ್ದ.

ಅವರ ಅಂಗಳದಲ್ಲಿ ಒಂದು ಹಗೇವು ಇತ್ತು. ಈಗಿನವರಿಗೆ ಹೇಳಬೇಕು, ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಕೈ ಮೇಲೆತ್ತಿಕೊಂಡು ನುಸುಳುವಷ್ಟು. ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಆದರೆ ಒಳಗಿನ ಗಾಳಿ ಸತ್ತಿರುತ್ತದೆ. ಅದಕ್ಕೇ ಚಪ್ಪಡಿ ಸರಿಸಿ, ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ದೀಪ ನಿಂತರೆ ಮನುಷ್ಯನೂ ನಿಲ್ಲುತ್ತಾನೆ. ದೀಪ ಆರಿದರೆ ಯಾರೂ ಇಳಿಯಬಾರದು. ಇಳಿದವನ ಸೊಂಟಕ್ಕೆ ಹಗ್ಗ ಇರಬೇಕು, ಬಾಯಲ್ಲಿ ಮಾತಿರಬೇಕು. ಮೇಲೆ ಕೂತವರು ಏನಾದರೂ ಕೇಳುತ್ತಿರಬೇಕು, ಒಳಗಿನವನು ಉತ್ತರ ಕೊಡುತ್ತಿರಬೇಕು. ಅವನ ಮಾತು ನಿಂತಿತೋ, ಹಗ್ಗ ಎಳೆಯಬೇಕು.

ಬೇರೆ ಮನೆಗಳಲ್ಲಿ ‘ಇದೀಯೇನಪ್ಪ’, ‘ಇದೀನಿ’ ಎಂದು ಒಣ ಮಾತು. ನಮ್ಮ ಮಾವನ ಮನೆಯಲ್ಲಿ ಹಾಗಲ್ಲ. ಹಗೇವು ತೆಗೆಯುವ ದಿನ ನನಗೆ ಹೊಳಲ್ಕೆರೆಗೆ ಹೇಳಿಕಳಿಸುತ್ತಿದ್ದರು. ಅಲ್ಲಿ ಮಂಡಿಯಲ್ಲಿ ಮೂಟೆ ತೂಗುವ ಕೆಲಸ ನನ್ನದು. ನಾನು ಬಂದು ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಾವನನ್ನು ಕೆಣಕಬೇಕು. ಆತ ಕೆಳಗಿನಿಂದ ಬೈಯಬೇಕು. ಹಗೇವಿನ ಹೊಟ್ಟೆಯಲ್ಲಿ ಆ ಬೈಗುಳ ಗುಂಯ್ ಎಂದು ತಿರುಗಿ ಮೇಲೆ ಬರುವಾಗ ಊರಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಕೇಳುತ್ತಿದ್ದರು. ಇಷ್ಟು ಉಪಯೋಗಕ್ಕೆ ಬಂದ ಕುಚೇಷ್ಟೆ ಈ ಸೀಮೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಎಪ್ಪತ್ತರ ದಶಕದ ಮಾತು. ಬರ ಕಂಡ ಮೇಲೆ ಮಳೆ ಹಿಡಿದ ಒಂದು ವರ್ಷ ಆ ಕೆರೆಯ ಏರಿ ಒಡೆಯಿತು. ಹಗಲು ಹೊತ್ತಾದ್ದರಿಂದ ಜನ, ದನ, ಕುರಿ ಎಲ್ಲ ಊರ ಮೇಲಿನ ಬಂಡೆ ಹತ್ತಿ ಬದುಕಿಕೊಂಡರು. ಸುದ್ದಿ ಮುಟ್ಟಿ ನಾನು, ಗೌರಮ್ಮ ಬಸ್ಸು ಹಿಡಿದು ಹೊಸದುರ್ಗಕ್ಕೆ ಬಂದು, ಅಲ್ಲಿಂದ ಕೆಸರು ತುಳಿದುಕೊಂಡು ಊರು ಸೇರುವ ಹೊತ್ತಿಗೆ ನೀರು ಇಳಿದಿತ್ತು. ಕೆರೆಯ ಹೂಳು ಇಳಿದಿರಲಿಲ್ಲ. ಅದು ಎಲ್ಲರ ಮನೆಯಲ್ಲೂ ನೆಂಟರ ಹಾಗೆ ಕಾಲು ಚಾಚಿ ಮಲಗಿತ್ತು.

ಮಾವನ ಮನೆಯ ಕಂಬಗಳು ಗಟ್ಟಿ ಇದ್ದುದರಿಂದ ಮಾಳಿಗೆ ನಿಂತಿತ್ತು. ಹಿಂದಿನ ಗೋಡೆ ಕುಸಿದು ಹಿತ್ತಲು ಒಳಗೆ ಬಂದಿತ್ತು. ಕಾಳು ತುಂಬಿದ, ಸುಡದ ಮಣ್ಣಿನ ಗುಡಾಣಗಳು ಬೆಲ್ಲದ ಹಾಗೆ ಕರಗಿ ಕಾಳೂ ಕೆಸರೂ ಒಂದಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಒಲೆ ಎಲ್ಲಿತ್ತು ಎಂದು ಕೆಸರಿನಲ್ಲಿ ಕಾಲಾಡಿಸಿ ಹುಡುಕಲು ತೊಡಗಿದಳು.

ನಾವು ಬಾಚಿದೆವು. ಸಲಿಕೆ, ಗುದ್ದಲಿ, ಒಡೆದ ತಟ್ಟೆ, ಕೈಗೆ ಸಿಕ್ಕಿದ್ದರಲ್ಲಿ ಬಾಚಿದೆವು. ಹೂಳು ಎಷ್ಟು ಹೊತ್ತು ಹಾಕಿದರೂ ಮನೆಯೊಳಗೆ ಹುಟ್ಟುತ್ತಲೇ ಇತ್ತು. ಮಾಡಿನ ಸಂದಿಯಲ್ಲಿ ಹಾವು ಕೂತಿದ್ದವು. ಅವುಗಳ ಕೆಳಗೇ ಬಗ್ಗಿ ಕೆಲಸ ಮಾಡಬೇಕು. ಒಂದು ಕಡೆ ಗೋಡೆಯಿಂದ ಮಣ್ಣು ಪುಸಕ್ಕನೆ ಉದುರಿದರೆ ಎಲ್ಲರೂ ಹೊರಗೆ ಓಡಿ, ಮತ್ತೆ ಒಳಗೆ ಹೋಗುತ್ತಿದ್ದೆವು. ನಾನು ಆಗಲೂ ಬಾಯಿ ಮುಚ್ಚಲಿಲ್ಲ. ಮಾವ, ಕೆರೆಗೆ ನೀರು ತುಂಬಲಿ ಅಂತ ಹರಕೆ ಹೊತ್ತಿದ್ದೆಯಲ್ಲ, ಮನೆಗೇ ತಂದುಕೊಟ್ಟಿತು ನೋಡು ಎಂದೆ. ಆತ ಬೈದ. ಆದರೆ ಕೈ ಅಂಗಳದ ಕಡೆ ಹೋಗುತ್ತಿತ್ತು, ಕಣ್ಣೂ ಅಲ್ಲೇ. ಮೇಲಿನದೆಲ್ಲ ಹೋಗಿದೆ, ಹಗೇವಿನ ರಾಗಿ ಇದ್ದರೆ ಅನ್ನ ಇದೆ, ಬಿತ್ತನೆ ಇದೆ, ಕುಸಿದ ಗೋಡೆ ಎಬ್ಬಿಸಲು ಬರುವ ಆಳಿಗೆ ಹಿಟ್ಟು ಇದೆ. ಇಲ್ಲದಿದ್ದರೆ ಏನೂ ಇಲ್ಲ.

ಅಂಗಳದ ಹೂಳಿನ ಕೆಳಗೆ ಹಗೇವಿನ ಬಾಯಿ ಎಲ್ಲಿದೆ ಎಂದು ಸಲಿಕೆಯಿಂದ ಕುಟ್ಟಿ ಕುಟ್ಟಿ ಹುಡುಕಿದೆವು. ಠಣ್ ಎಂದ ಜಾಗದಲ್ಲಿ ಕೆದಕಿ ಚಪ್ಪಡಿ ಸರಿಸಿದರೆ ಆ ನಾತ. ಪಕ್ಕದ ಮನೆಯ ಕುರಿಗಾಹಿ ಚಿಕ್ಕಣ್ಣ ಮೂಗು ಮುಚ್ಚಿಕೊಂಡ. ಊರಿಗೆ ಊರೇ ನಾರುತ್ತಿರುವಾಗ ಇದೊಂದಕ್ಕೇನು ಮೂಗು ಮುಚ್ಚುವುದು ಎಂದು ಮಾವ ಅವನಿಗೂ ಒಂದು ಬೈಗುಳ ಕೊಟ್ಟ. ನೀರು ಮೇಲಿಂದ ಒಂದಿಷ್ಟು ಒಸರಿತ್ತು, ನಿಜ. ಆದರೆ ನೆನೆದ ರಾಗಿಯನ್ನು ಬೇಗ ತೆಗೆದುಹಾಕದಿದ್ದರೆ ಅಡಿಯ ಒಣರಾಗಿಯನ್ನೂ ಅದು ಕೆಡಿಸುತ್ತದೆ. ಮಾವನಿಗೆ ಅದೊಂದೇ ಆತುರ.

ದೀಪ ಇಳಿಸಿ ನೋಡಬೇಕಲ್ಲ? ಮನೆಯ ಲಾಟೀನಿನ ಹೊಟ್ಟೆಯಲ್ಲಿ ಕೆಸರು. ಕಡ್ಡಿಪೆಟ್ಟಿಗೆ ನೆನೆದು ಮುದ್ದೆ. ಗೌರಮ್ಮ ಲಾಟೀನು ತೊಳೆದುಕೊಂಡು, ಎಣ್ಣೆ, ಬೆಂಕಿ ಕೇಳಿತರುತ್ತೇನೆಂದು ಬಂಡೆಯ ಮೇಲೆ ಊರವರು ಹಾಕಿಕೊಂಡಿದ್ದ ಗುಡಿಸಲಿಗೆ ಹೋದಳು. ಬರುವುದು ತಡವಾಯಿತು. ಚಿಕ್ಕಣ್ಣನ ಹತ್ತಿರ ಕುರಿ ಕಾಯುವಾಗ ಇಟ್ಟುಕೊಳ್ಳುವ ಬ್ಯಾಟ್ರಿ ಇತ್ತು. ಟಾರ್ಚು ಅನ್ನುತ್ತೀರಲ್ಲ, ಅದನ್ನು ನಮ್ಮ ಕಡೆ ಬ್ಯಾಟ್ರಿ ದೀಪ ಅನ್ನುತ್ತಿದ್ದರು. ಆ ಒಂದು ಹೆಸರೇ ನಮ್ಮನ್ನು ಕೆಡಿಸಿದ್ದು.

‘ದೀಪ ಐತಲ್ಲ ಇಲ್ಲೇ, ಕಟ್ಟು ಇದನ್ನ’ ಎಂದ ಮಾವ.

ಚಿಕ್ಕಣ್ಣ ಕಟ್ಟಿದ. ಮಾವ ಇಳಿಬಿಟ್ಟ. ಕತ್ತಲೆಯ ಹೊಟ್ಟೆಯಲ್ಲಿ ಬೆಳಕು ತಿರುಗಿ ರಾಗಿಯ ಮೇಲೆ ಬಿತ್ತು. ಮೇಲೆ ಮೊಳಕೆ ಒಡೆದು ಬಿಳಿ ಬೂಷ್ಟು ಹಿಡಿದಿತ್ತು. ಆದರೂ ರಾಗಿ ಇತ್ತು. ಅಷ್ಟು ದಿನದ ಮೇಲೆ ಮಾವನ ಮುಖದಲ್ಲಿ ರಕ್ತ ಕಂಡೆ. ನಿಂತೈತೆ ದೀಪ ಎಂದ. ನಿಂತೈತೆ ಎಂದ ಚಿಕ್ಕಣ್ಣ. ಕಂಡಕ್ಟರನಿಗೆ ಕುಂಬಳಕಾಯಿಯನ್ನು ಅಜ್ಜಿ ಎಂದು ನಂಬಿಸಿದ ಮಹಾ ಬುದ್ಧಿವಂತ ನಾನೂ ನಿಂತೈತೆ ಎಂದೆ. ಕೆಸರು ಹೊತ್ತು ಹೊತ್ತು ಬುದ್ಧಿಗೂ ಹೂಳು ತುಂಬಿತ್ತೋ ಏನೋ. ಮಾವ ಹಗೇವಿಗೆ ಇಳಿಯುತ್ತಿದ್ದುದು ಹೊಸದೇನಲ್ಲ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೈ ಮೇಲೆತ್ತಿ ಸರಕ್ಕನೆ ಜಾರಿದ.

ನಾನು ನನ್ನ ಜಾಗದಲ್ಲಿ ಕೂತೆ. ಚಿಕ್ಕಣ್ಣ ಹಗ್ಗ ಹಿಡಿದ. ಕೆಳಗಿನಿಂದ ಪುಟ್ಟಿಗೆ ರಾಗಿ ಬಾಚುವ ಸದ್ದು.

‘ಏನ್ ಮಾವ, ಅತ್ತೆ ಕಾಟ ಇಲ್ಲ ಅಂತ ಅಲ್ಲೇ ಸಂಸಾರ ಹೂಡಿದ್ಯೇನು?’

‘ಮೇಲೆ ಬಂದು ನಿನ್ ಹಲ್ಲು ಉದುರಿಸ್ತೀನಿ ತಡಿ ಲೇ.’

ಹಲ್ಲು ಎಂಬ ಮಾತು ಗುಂಯ್ ಎಂದು ಬಂತು. ಚೆನ್ನಾಗಿತ್ತು. ಇನ್ನೊಂದು ಎಸೆದೆ. ಉತ್ತರ ಬಂತು, ಆದರೆ ಬಾಲ ಕತ್ತರಿಸಿದ ಹಾಗೆ ಅರ್ಧಕ್ಕೆ ನಿಂತಿತು. ದಣಿದಿದ್ದಾನೆ ಎಂದುಕೊಂಡೆ. ಮಾವನಿಗೆ ಎಲ್ಲಿ ಮುಟ್ಟಿದರೆ ಉರಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿನ್ನ ಕುರಿ ಕಾಯುವ ಚಂದಕ್ಕೆ ತೋಳಗಳೇ ನಿನಗೆ ಸಂಬಳ ಕೊಡಬೇಕು, ಹೌದೋ ಅಲ್ಲವೋ ಎಂದು ಕೂಗಿದೆ. ಆ ಮಾತಿಗೆ ಆತ ನನ್ನನ್ನು ಊರ ತುಂಬ ಅಟ್ಟಿಸಿಕೊಂಡು ಬಂದದ್ದುಂಟು.

ಪುಟ್ಟಿಯ ಸದ್ದು ನಿಂತಿತು. ಕೆಳಗಿನಿಂದ ನಿಧಾನವಾಗಿ, ನಿದ್ದೆಯಲ್ಲಿ ಹೇಳುವಂತೆ ಬಂತು:

‘ಹೂಂ ಕಣಪ್ಪ. ನೀನ್ ಹೇಳಿದ್ದೇ ಸರಿ.’

ನಾನು ಚಟ್ಟನೆ ಹಗ್ಗಕ್ಕೆ ಕೈ ಹಾಕಿದೆ. ಮಾವ ಹುಟ್ಟಿದ ಮೇಲೆ ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ಸರಿಯಾಗಿ ಆ ಹೊತ್ತಿಗೆ ಗೌರಮ್ಮ ಉರಿಯುವ ಲಾಟೀನು ಹಿಡಿದು ಅಂಗಳಕ್ಕೆ ಬಂದಳು. ಬಿಗಿದು ನಿಂತ ಹಗ್ಗ ನೋಡಿದಳು, ತನ್ನ ಕೈ ನೋಡಿದಳು.

‘ದೀಪ ನನ್ ಕೈಯಾಗೈತೆ. ನೀವೇನ್ ಬಿಟ್ರಿ ಒಳಕ್ಕೆ?’

ಬಗ್ಗಿ ಲಾಟೀನನ್ನು ಹಗೇವಿನ ಬಾಯೊಳಗೆ ಹಿಡಿದಳು. ಅವಳ ಕೈ ಪೂರ್ತಿ ಇಳಿಯುವ ಮೊದಲೇ ಉರಿ ಸಣ್ಣಗಾಗಿ, ನೀಲಿಯಾಗಿ, ಆರಿಹೋಯಿತು. ಕೆಳಗೆ ಆ ಬ್ಯಾಟ್ರಿ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮಾವ ರಾಗಿಗೆ ಕೆನ್ನೆ ಒತ್ತಿ ಮಲಗಿದ್ದ.

ಚಿಕ್ಕಣ್ಣ ಎಳೆದ. ನಾನೂ ಎಳೆದೆ. ದೇಹ ಮೇಲೆದ್ದು ಬಂದು ಬಾಯಿಗೆ ಸಿಕ್ಕಿಕೊಂಡಿತು. ಎಚ್ಚರ ಇರುವವನು ಕೈ ಮೇಲೆತ್ತಿ ನುಸುಳುತ್ತಾನೆ. ಪ್ರಜ್ಞೆ ಇಲ್ಲದವನ ಹೆಗಲು ಕಲ್ಲಿಗೆ ಕಲ್ಲು ತಗುಲಿದ ಹಾಗೆ ತಗುಲುತ್ತದೆ. ಇನ್ನೂ ಎಳೆದರೆ ಕುತ್ತಿಗೆ ಮುರಿಯುತ್ತದೆ, ಬಿಟ್ಟರೆ ಮತ್ತೆ ಆ ಗಾಳಿಗೆ. ಚಿಕ್ಕಣ್ಣ ದೇವರ ಹೆಸರು ಹೇಳತೊಡಗಿದ.

ಇಲ್ಲಿ ಸ್ವಲ್ಪ ನನ್ನ ಪ್ರತಾಪ ಕೇಳಬೇಕು. ಅದೇ ಕೆರೆಯಲ್ಲಿ ಹಿಂದೊಮ್ಮೆ ನಾನು ಮುಳುಗಿ ಸತ್ತ ಆಟ ಆಡಿ, ದಡದ ಮೇಲೆ ಹೆಂಗಸರು ಎದೆ ಬಡಿದುಕೊಂಡು ಅಳುವಷ್ಟು ಹೊತ್ತು ಉಸಿರು ಹಿಡಿದವನು. ಅಂದು ಎದೆ ತುಂಬ ಗಾಳಿ ಎಳೆದು, ಹಗ್ಗದ ಪಕ್ಕದ ಸಂದಿಯಲ್ಲಿ ತಲೆಕೆಳಗಾಗಿ ಇಳಿಬಿದ್ದೆ. ಒಂದು ಕಾಲು ಅತ್ತೆ, ಇನ್ನೊಂದು ಕಾಲು ಹೆಂಡತಿ ಹಿಡಿದುಕೊಂಡರು. ಆ ಸೌಭಾಗ್ಯವೂ ಎಲ್ಲರಿಗೂ ಸಿಗುವುದಿಲ್ಲ. ಕೆಳಗೆ ಮಾವನನ್ನು ಒಂದು ಗೇಣು ಕೆಳಕ್ಕೆ ಒತ್ತಬೇಕಾಯಿತು. ಮೇಲೆ ಎಳೆಯಬೇಕಾದವನನ್ನು ಕೆಳಕ್ಕೆ ಒತ್ತುವ ಆ ಗಳಿಗೆ ಈಗಲೂ ನನ್ನ ಅಂಗೈಯಲ್ಲಿದೆ. ಒಂದು ತೋಳು ಸಿಕ್ಕಿತು, ಎತ್ತಿದೆ. ಇನ್ನೊಂದು ಸಿಗಲಿಲ್ಲ, ತಡಕಿದೆ, ಕಿವಿಯಲ್ಲಿ ಡಂಗುರ ಹೊಡೆದಂತಾಯಿತು, ಸಿಕ್ಕಿತು. ಎರಡೂ ಕೈ ಜೋಡಿಸಿ ಹಗ್ಗದ ಕಡೆ ತಳ್ಳಿ, ಒದ್ದಾಡಿ ಸನ್ನೆ ಮಾಡಿದೆ. ನನ್ನನ್ನು ಹೊರಗೆ ಎಳೆದು ಪಕ್ಕಕ್ಕೆ ಎಸೆದರು. ಹಿಂದೆಯೇ ಮಾವ ಬಂದ, ಕೈ ಮುಗಿದವನ ಹಾಗೆ.

ಕೆಸರಿನ ಮೇಲೆ ಮಲಗಿಸಿದೆವು. ಮುಖ ನೀಲಿಗಟ್ಟಿತ್ತು. ಚಿಕ್ಕಣ್ಣ ಕಂಬಳಿ ಬೀಸಿದ, ಗೌರಮ್ಮ ನೀರು ಎರಚಿದಳು. ಅತ್ತೆ ತಲೆಯ ಹತ್ತಿರ ಕೂತು ಆತನ ಹಣೆಯ ಮೇಲಿನ ರಾಗಿ ಒಂದೊಂದೇ ಬಿಡಿಸುತ್ತಿದ್ದಳು. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಎದೆ ಒತ್ತುತ್ತ ಬಾಯಿಗೆ ಬಂದಂತೆ ಕೆಣಕಿದೆ. ಮೀಸೆ, ಕುರಿ, ತೋಳ, ಮದುವೆಯಲ್ಲಿ ಪಂಚೆ ಜಾರಿದ್ದು ಯಾವುದನ್ನೂ ಬಿಡಲಿಲ್ಲ. ಏನೂ ಇಲ್ಲ. ಕೊನೆಗೆ ಎದೆಯೊಳಗಿಂದ ಗೊರ್ ಎಂದು ಒಂದು ಉಸಿರು, ಆಮೇಲೆ ಇನ್ನೊಂದು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಯಾರೆಂದು ತಿಳಿಯದವರ ನೋಟ. ನನಗೆ ಹೆದರಿಕೆಯಾಯಿತು.

‘ಮಾವ, ನಾನ್ ಹೇಳೋದೆಲ್ಲ ಸರಿ ತಾನೆ?’

ತುಟಿ ಅಲ್ಲಾಡಿತು.

‘ನಿನ್ ತಲೆ. ಯಾವತ್ತ್ ಸರಿ ಹೇಳಿದೀಯ ಲೇ ನೀನು.’

ಕೆರೆ ಒಡೆದ ದಿನದಿಂದ ಒಂದು ಹನಿ ಹಾಕದಿದ್ದ ಅತ್ತೆ ಆಗ ಅತ್ತಳು.

ಮಿಕ್ಕದ್ದು ಮಾಮೂಲು. ಮಾರನೆಯ ದಿನ ಕಂಬಳಿ ಇಳಿಬಿಟ್ಟು ಎತ್ತಿ, ಇಳಿಬಿಟ್ಟು ಎತ್ತಿ ಗಾಳಿ ಕಡೆದು, ನಿಜವಾದ ಉರಿಯ ದೀಪ ನಿಂತ ಮೇಲೆ ಚಿಕ್ಕಣ್ಣ ಇಳಿದ. ಅಡಿಯ ರಾಗಿ ಉಳಿದಿತ್ತು. ಬಂಡೆಯ ಮೇಲೆ ಹರವಿ ಒಣಗಿಸಿದೆವು. ಮನೆಗೆ ನುಗ್ಗಿದ ಹೂಳಿಗೇ ಹುಲ್ಲು ಸೇರಿಸಿ ತುಳಿದು ಹಿಂದಿನ ಗೋಡೆ ಎಬ್ಬಿಸಿದೆವು. ಅತ್ತೆ ಕೆಮ್ಮಣ್ಣು ಬಳಿದಳು. ಮಿಕ್ಕ ಹೂಳನ್ನೆಲ್ಲ ಮಾವ ತಾನೇ ಹೊತ್ತು ಹೊತ್ತು ಹಗೇವಿನ ಬಾಯಿಗೆ ಸುರಿದು, ತುಳಿದು ಮಟ್ಟ ಮಾಡಿದ. ಸುರಿಯುವಾಗಲೂ ಬೈಯುತ್ತಿದ್ದ, ನನ್ನನ್ನೇ. ಆಮೇಲೆ ಬಹಳ ವರ್ಷ ಬೈದುಕೊಂಡೇ ಬದುಕಿದ.

ಡಬ್ಬಿ ಎಸೆದ ದಿನ ಸಂಜೆ ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ನನ್ನ ಪ್ರತಾಪದ ಭಾಗ ಬಂದಾಗ ಸ್ವಲ್ಪ ಉಪ್ಪುಖಾರ ಹಾಕಿ, ಅವತ್ತು ನಾನಿಲ್ಲದಿದ್ದರೆ ಏನಾಗುತ್ತಿತ್ತು ಹೇಳು ಎಂದು ಗೌರಮ್ಮನ ಕಡೆ ತಿರುಗಿದೆ. ಕಾಲು ಹಿಡಿದದ್ದು ನಾನು ಎಂದು ಅವಳು ರೇಗುತ್ತಾಳೆ, ಯಾವಾಗಲೂ ರೇಗುತ್ತಾಳೆ. ಅಂದು ಗೋಡೆಗೆ ಒರಗಿ ಕೂತವಳು ಮೆಲ್ಲಗೆ, ‘ಹೂಂ, ನೀವು ಹೇಳಿದ್ದು ಸರಿ’ ಎಂದಳು.

ನಾನು ಎದ್ದೆ. ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಬೀದಿಗೆ ಹೋಗಿ ಆಟೋ ನಿಲ್ಲಿಸಿ ಗೌರಮ್ಮನನ್ನು ಹತ್ತಿಸಿದೆ. ಡಾಕ್ಟರು ನಾಡಿ ನೋಡಿ, ಎದೆ ನೋಡಿ, ಏನೂ ಆಗಿಲ್ಲ, ಹಬ್ಬದ ಕೆಲಸ ಮಾಡಿ ದಣಿದಿದ್ದಾರೆ, ಮಲಗಲಿ ಎಂದರು. ಬರುವಾಗ ಆಟೋದಲ್ಲಿ ಗೌರಮ್ಮ ಶುರು ಮಾಡಿದಳು. ಈ ವಯಸ್ಸಿನಲ್ಲಿ ಬರಿಗಾಲಲ್ಲಿ ಓಡಿದ್ದು, ಡಾಕ್ಟರ ಮುಂದೆ ಮಾನ ಕಳೆದದ್ದು, ಒಲೆಯ ಮೇಲೆ ಹಾಲು ಬಿಟ್ಟು ಬಂದದ್ದು. ಅಪ್ಪನ ಮಗಳು, ಒಂದು ಮಾತನ್ನೂ ಅರ್ಧಕ್ಕೆ ಬಿಡಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿ, ಪಾಪ ಎನ್ನುವ ಹಾಗೆ ನಕ್ಕ. ಸ್ವಲ್ಪ ಸುತ್ತು ಬಳಸಿ ಹೋಗಪ್ಪ, ಅವಸರವಿಲ್ಲ ಎಂದು ಅವನಿಗೆ ಹೇಳಿ ನಾನು ಹಿಂದಕ್ಕೆ ಒರಗಿ ಕೂತೆ.