ಕತ್ತಲೆ ಕೋಣೆಯ ಚಿಕ್ಕಮ್ಮ

ಇಪ್ಪತ್ತಾರು ವರ್ಷ ನನ್ನ ಚಿಕ್ಕಮ್ಮ ಸಸ್ಯ ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಸಸಿ ಬೆಳೆಸಿದರು. ವಿದ್ಯಾರ್ಥಿಗಳು ಅವರನ್ನು ‘ಗೂಬೆಯಮ್ಮ’ ಎನ್ನುತ್ತಿದ್ದರು, ಅದೂ ಎದುರಿಗೇ. ಅವರೂ ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು.

ಎಲೆಯ ಹಸಿರು ಕಣಗಳಿಗೆ, ಅಂದರೆ ಕ್ಲೋರೋಪ್ಲಾಸ್ಟ್‌ಗಳಿಗೆ, ತಮ್ಮದೇ ಒಂದಿಷ್ಟು ಜೀನ್‌ಗಳಿವೆ. ಯಾವುದನ್ನು ಯಾವಾಗ ಎಷ್ಟು ನಕಲು ಮಾಡಬೇಕೆಂಬುದರಲ್ಲಿ ಬೆಳಕಿನ ಮಾತು ದೊಡ್ಡದು. ಎಲ್ಲ ಗಿಡಗಳೂ ಒಂದೇ ಥರ ಅಲ್ಲ: ಪೈನ್ ಸಸಿ ಕತ್ತಲಲ್ಲೂ ಹಸಿರಾಗುತ್ತದೆ, ಬಟಾಣಿ ಬಿಳಿಚಿಕೊಂಡು ಬೆಳಕಿಗಾಗಿ ಕಾಯುತ್ತದೆ. ಆ ವ್ಯತ್ಯಾಸ ಅಳೆಯಬೇಕಾದರೆ ಕೋಣೆಯೊಳಗೆ ಒಂದು ಗೆರೆ ಬೆಳಕೂ ನುಸುಳಬಾರದು. ಚಿಕ್ಕಮ್ಮ ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿ, ಸಸಿಗೆ ಅಷ್ಟಾಗಿ ತಾಕದ ಮಂದ ಹಸಿರು ದೀಪದಲ್ಲಿ ಕೈ ಅಂದಾಜಿನಲ್ಲೇ ಎಲೆ ಕಿತ್ತು ತಕ್ಷಣ ಹೆಪ್ಪುಗಟ್ಟಲೆಂದು ದ್ರವ ಸಾರಜನಕಕ್ಕೆ ಹಾಕುತ್ತಿದ್ದರು.

ಅವರಿಗಿದ್ದದ್ದು ಒಂದೇ ಆಸೆ, ಸಂಶೋಧನಾ ಪ್ರಬಂಧದಲ್ಲಿ ತಮ್ಮ ಹೆಸರು ಒಮ್ಮೆ ಅಚ್ಚಾಗಬೇಕು. ಹನ್ನೊಂದು ಪ್ರಬಂಧ ಬಂದವು. “ಮುಂದಿನ ಸಲ ನೋಡೋಣಮ್ಮ,” ಎನ್ನುತ್ತ ಪ್ರಯೋಗಾಲಯದ ಪ್ರೊಫೆಸರ್ ಹನ್ನೊಂದು ಸಲವೂ ಮೂಗಿಗೆ ತುಪ್ಪ ಸವರಿದರು.

ಒಂದು ಮಧ್ಯಾಹ್ನ ಅದೇ ಪ್ರೊಫೆಸರ್ ಅತಿಥಿಗಳನ್ನು ಕರೆತಂದು, ಕತ್ತಲೆ ಕೋಣೆಯ ಬಾಗಿಲು ತೆರೆದು, ಹತ್ತು ನಿಮಿಷ ಅಲ್ಲೇ ನಿಂತು ಹರಟಿದರು.

“ಸಾರ್, ಬಟಾಣಿ ಕೆಟ್ಟೋಯ್ತು. ಹೊಸದಾಗಿ ಬಿತ್ತೋಣ,” ಎಂದರು ಚಿಕ್ಕಮ್ಮ.

“ಅಷ್ಟಕ್ಕೆಲ್ಲ ಏನೂ ಆಗಲ್ಲ. ಎಲೆ ಕೀಳಿ,” ಎಂದರು ಪ್ರೊಫೆಸರ್.

ಬಟಾಣಿಯಲ್ಲೂ ಆ ಜೀನ್‌ಗಳು ಬೆಳಕಿಲ್ಲದೆಯೇ ಜೋರಾಗಿ ನಕಲಾಗುತ್ತವೆ ಎಂದು ಪ್ರಬಂಧ ಬಂತು. ಚಪ್ಪಾಳೆಯೋ ಚಪ್ಪಾಳೆ. ಎರಡು ವರ್ಷದ ಮೇಲೆ ಬೇರೆ ಮೂರು ಕಡೆ ಅದೇ ಪ್ರಯೋಗ ಮಾಡಿ ನೋಡಿದರು, ಎಲ್ಲೂ ಹಾಗಾಗಲಿಲ್ಲ. ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯವರು ವಿವರಣೆ ಕೇಳಿದರು. ಪ್ರೊಫೆಸರ್ ಚಿಕ್ಕಮ್ಮನನ್ನು ಕರೆದು ಕುರ್ಚಿ ಕೊಟ್ಟು, ಇಂಗ್ಲಿಷಿನ ಕಾಗದವೊಂದನ್ನು ಮುಂದಿಟ್ಟರು. “ಕತ್ತಲೆ ಕೋಣೆ ನಿಮ್ಮ ಜವಾಬ್ದಾರಿ ಅಂತ ಬರೆದಿದೆ, ಒಂದು ಸೈನ್ ಹಾಕಿ. ಈ ಸಲ ನಿಮ್ಮ ಹೆಸರು ಬರುತ್ತೆ,” ಎಂದರು. ಚಿಕ್ಕಮ್ಮನಿಗೆ ಇಂಗ್ಲಿಷಿನಲ್ಲಿ ಗಿಡದ ಹೆಸರು, ತನ್ನ ಹೆಸರು ಬಿಟ್ಟರೆ ಬೇರೇನೂ ಓದಲು ಬಾರದು. ಸಹಿ ಹಾಕಿದರು.

ಪತ್ರಿಕೆಯ ಸಂಚಿಕೆ ಕೈಗೆ ಸಿಕ್ಕಿದ ದಿನ ನೇರ ನನ್ನ ಮನೆಗೆ ಬಂದರು. ಹೆಸರಿನ ಮೇಲೆ ಬೆರಳಿಟ್ಟು, “ಪೂರ್ತಿ ಹೆಸರು ಹಾಕಿದಾರೆ ನೋಡೇ. ಏನಂತ ಬರೆದಿದಾರೆ, ಓದು,” ಎಂದರು. ಮುಖ ಅರಳಿತ್ತು.

ಸುಳ್ಳು ಹೇಳಬಹುದಿತ್ತು. ನನ್ನ ನಾಲಿಗೆ ಅಂಥದ್ದಲ್ಲ. ಇವರು ಬೇಜವಾಬ್ದಾರಿಯಿಂದ ಬಾಗಿಲು ತೆರೆದಿಟ್ಟಿದ್ದರಿಂದ ಫಲಿತಾಂಶ ತಪ್ಪಾಗಿದೆ, ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇವೆ ಎಂದಿತ್ತು. ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದೆ.

ಚಿಕ್ಕಮ್ಮ ಬೆರಳು ತೆಗೆಯಲಿಲ್ಲ.

“ಬಾಗಿಲು ತೆಗೆದಿದ್ದು ನಾನಲ್ಲ ಕಣೇ,” ಎಂದರು, ನನ್ನನ್ನು ನಂಬಿಸಬೇಕಾಗಿದೆ ಎಂಬಂತೆ.