ಬಿಳಿ ಗೆರೆಯ ಈಚೆ ನಾಲ್ಕಡಿ

ಮುನಿಶಾಮಮ್ಮ ಸೈಕಲ್ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲು, ಅವಳು ಮದುವೆಯಾಗಿ ಹೋದಮೇಲೆ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಏಳಕ್ಕೆ ಶುರು. ಹಳ್ಳಿಗೆ ಮೊದಲ ಬಸ್ಸು ಬರುವುದು ಎಂಟೂವರೆಗೆ. ಆಮೇಲೆ ಪಕ್ಕದ ಮನೆಯ ಕದಿರಮ್ಮನಿಗೂ ಅವಳೇ ಕೆರೆಕಟ್ಟೆಯ ಮೇಲೆ ಸೀಟು ಹಿಡಿದು ಓಡುತ್ತಾ ಕಲಿಸಿದಳು.

"ಬಿದ್ರೆ ಎಲ್ರೂ ನಗ್ತಾರಕ್ಕಾ."

"ನಗ್ಲಿ ಬಿಡೇ. ನಡ್ಕೊಂಡು ಹೋದ್ರೆ ಯಾರೂ ಅಳಲ್ವಲ್ಲ."

ಎರಡು ವರ್ಷ ಇಬ್ಬರೂ ಜೊತೆಯಲ್ಲೇ ಕೆಲಸಕ್ಕೆ ಹೋಗಿಬಂದರು. ಅಷ್ಟರಲ್ಲಿ ರಸ್ತೆ ಅಗಲವಾಯಿತು, ಜಲ್ಲಿ ಲಾರಿಗಳ ವೇಗವೂ ಹೆಚ್ಚಿತು. ಜನವರಿಯ ಒಂದು ಬೆಳಿಗ್ಗೆ, ಮಂಜಿನಲ್ಲಿ, ಹಿಂದೆ ಬರುತ್ತಿದ್ದ ಕದಿರಮ್ಮನಿಗೆ ಲಾರಿ ಬಡಿಯಿತು. ಮುನಿಶಾಮಮ್ಮ ತಿರುಗಿ ಓಡಿ ಬಂದಾಗ ಉಸಿರು ನಿಂತಿತ್ತು. ಸೈಕಲ್ಲು ರಸ್ತೆ ಅಂಚಿನ ಬಿಳಿ ಗೆರೆಯ ಈಚೆಗೇ ಬಿದ್ದಿತ್ತು. ಗೆರೆ ದಾಟಿ ಬಂದದ್ದು ಲಾರಿ.

"ನಾನು ಕಲಿಸ್ದೇ ಇದ್ದಿದ್ರೆ ಬದುಕಿರ್ತಿದ್ಳು," ಎಂದು ಗಂಡನ ಮುಂದೆ ಒಂದೇ ಸಲ ಹೇಳಿದಳು.

ಹನ್ನೆರಡನೇ ದಿನದ ಕಾರ್ಯ ಮುಗಿದ ಮೇಲೆ ಅರ್ಜಿ ಬರೆಸಿಕೊಂಡು ರಸ್ತೆ ಕಚೇರಿಗೆ ಹೋದಳು. ಗೆರೆಯಿಂದ ಮಣ್ಣಿನವರೆಗೆ ನಾಲ್ಕಡಿ ಜಾಗವಿದೆ, ಗೆರೆಯುದ್ದಕ್ಕೂ ಕಲ್ಲು ಕಟ್ಟಿ ಅದನ್ನು ಸೈಕಲ್‌ನವರಿಗೆ ಬಿಡಿ ಎಂಬುದಷ್ಟೇ ಅರ್ಜಿ. ಇಂಜಿನಿಯರ್ ಕೆಟ್ಟವರೇನಲ್ಲ. ಕೂರಿಸಿ ಓದಿದರು.

"ಈಗ ಸೈಕಲ್ ಯಾರಮ್ಮ ತುಳೀತಾರೆ?"

"ನಮ್ಮ ಕಡೆ ಅರವತ್ತು ಜನ ಇದೀವಿ ಸಾರ್. ಬಂದು ನೋಡಿ."

ಅವರು ಬಂದದ್ದು ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಹೆದರಿ ಗೂಡ್ಸ್ ಆಟೋ ಹತ್ತುತ್ತಿದ್ದರು. ಶಾಲೆ ಮಕ್ಕಳನ್ನು ಅಪ್ಪಂದಿರು ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಇಂಜಿನಿಯರ್ ಎರಡು ಗಂಟೆ ನಿಂತರು. ಒಂಬತ್ತು ಸೈಕಲ್ ಹೋದವು.

"ಒಂಬತ್ತಕ್ಕೆಲ್ಲಾ ಕಲ್ಲು ಹಾಕ್ಸಕ್ಕಾಗಲ್ಲಮ್ಮ. ಮೇಲಿನವ್ರು ಒಪ್ಪಲ್ಲ."

"ಮಿಕ್ಕಿದವ್ರು ಹೆದ್ರಿ ಬಿಟ್ಟವ್ರೆ ಸಾರ್. ಬಿಟ್ಟವ್ರನ್ನೂ ಎಣಿಸ್ಕೊಳಿ."

ಅದಕ್ಕೆ ಅವರ ಎಣಿಕೆಯ ಹಾಳೆಯಲ್ಲಿ ಕಾಲಂ ಇರಲಿಲ್ಲ. ತಿಂಗಳ ನಂತರ "ನಿಧಾನವಾಗಿ ಚಲಿಸಿ" ಎಂಬ ಹಳದಿ ಫಲಕವೊಂದನ್ನು ನೆಟ್ಟರು. ಗೆರೆಯ ಈಚೆ ಟೊಮೆಟೊ ಗಾಡಿಗಳು ನಿಲ್ಲತೊಡಗಿದವು. ಅವುಗಳನ್ನು ಬಳಸಿ ಹೋಗಲು ಮುನಿಶಾಮಮ್ಮ ದಿನವೂ ಲಾರಿಗಳ ನಡುವೆ ಇಳಿಯಬೇಕಾಯಿತು. ಆಗಸ್ಟ್‌ನಲ್ಲಿ ಒಂದು ದಿನ ಲಾರಿಯೊಂದರ ಗಾಳಿಗೇ ವಾಲಿ ಚರಂಡಿಗೆ ಬಿದ್ದಳು. ಬಲಗೈಯ ಎರಡು ಬೆರಳು ಮುರಿದವು. ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕುವವಳಿಗೆ ಬೆರಳೇ ಕಣ್ಣು. ಮೊದಲಿನ ಕೆಲಸ ಆಗದೆ ಈಗ ಅಲ್ಲೇ ಗೂಡು ಆರಿಸುತ್ತಾಳೆ, ಅವಳೂ ಆಟೋದಲ್ಲೇ ಹೋಗುತ್ತಾಳೆ.

ಹಳೆಯ ಇಂಜಿನಿಯರ್‌ಗೆ ವರ್ಗವಾಯಿತು. ಹೊಸಬರು ಫೈಲು ಸಿಗುತ್ತಿಲ್ಲ, ಇನ್ನೊಂದು ಅರ್ಜಿ ಕೊಡಿ ಎಂದರು. ಕದಿರಮ್ಮನ ಮಗಳು ಶಿರೀಷಾ ಕಚೇರಿಯ ಜಗಲಿಯಲ್ಲಿ ಕೂತು ಬರೆದುಕೊಟ್ಟಳು. ಬರೆಯುತ್ತಾ ಕೇಳಿದಳು: "ಅತ್ತೇ, ಜಾಗ ಕೊಡ್ತಾರಾ?"

"ಗೊತ್ತಿಲ್ಲ ಕಣಮ್ಮ. ನೀನು ಬರಿ."

ಗುಮಾಸ್ತ ಮುದ್ರೆ ಒತ್ತಿ ಅರ್ಜಿಯನ್ನು ಕಟ್ಟಿನ ಮೇಲೆ ಹಾಕಿದ. ಇಬ್ಬರೂ ಹೊರಗೆ ಬಂದು ಬಿಸಿಲಲ್ಲಿ ಆಟೋಗೆ ಕಾಯುತ್ತಾ ನಿಂತರು.