ನಾನು ಮುಂದೆ, ಮಾವ ಹಿಂದೆ

ಡೊಂಬಿವಲಿಯಲ್ಲಿದ್ದ ನನ್ನ ಸೋದರಮಾವನ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು. ಗಣಪತಿ ಹಬ್ಬದೊಳಗೆ ಎಲ್ಲರೂ ಖಾಲಿ ಮಾಡಬೇಕು, ನಾಲ್ಕು ವರ್ಷಕ್ಕೆ ಹೊಸ ಮನೆ ಎಂದು ಸೊಸೈಟಿಯವರು ನೋಟಿಸು ಹಚ್ಚಿದರು. ಮಾವನಿಗೆ ಎಂಬತ್ತು. ಮದುವೆಯಾಗಿಲ್ಲ. ಉಡುಪಿಯಿಂದ ಬಂದು ಸ್ಟೇಷನ್ ಪಕ್ಕ ನಲವತ್ತು ವರ್ಷ ಹೋಟೆಲು ನಡೆಸಿದವರು. ಕಾಲು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ, ಮರೆವು ಮಾತ್ರ ಶುರುವಾಗಿತ್ತು. ಎರಡು ಸಲ ಗ್ಯಾಸ್ ಆರಿಸಲು ಮರೆತ ಮೇಲೆ ಅವರೇ ಫೋನ್ ಮಾಡಿದರು.

"ನನಗೊಂದು ಒಳ್ಳೆಯ ಆಶ್ರಮ ಹುಡುಕು ಮಾರಾಯ. ಇನ್ನು ಒಬ್ಬನೇ ಇರುವುದು ಬೇಡ."

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಇಲ್ಲಿಗೆ ಕರೆತಂದು ಓದಿಸಿದವರು ಈ ಮಾವನೇ. ನನಗೆ ಖಾರಘರದಲ್ಲಿ ಎರಡು ಬೆಡ್‌ರೂಮಿನ ಮನೆ. ಅಲ್ಲಿ ಜಾಗ ಇಲ್ಲ ಎಂದು ನಾನು ಹೇಳಲಿಲ್ಲ. ಇದೆ ಎಂದೂ ಹೇಳಲಿಲ್ಲ. "ಆಯ್ತು ಮಾವ, ಹುಡುಕುವ," ಎಂದೆ. ಫೋನಿಟ್ಟ ಮೇಲೆ ನನಗೇ ನಾಚಿಕೆಯಾಯಿತು, ಆದರೆ ತಿರುಗಿ ಫೋನ್ ಮಾಡುವಷ್ಟು ಆಗಲಿಲ್ಲ.

ನೋಡಲು ಹೋಗುವ ದಿನ ಮಾವ ಒಂದು ಷರತ್ತು ಹಾಕಿದರು. ಹೋಟೆಲಿನವರಲ್ಲಿ ಒಂದು ಪದ್ಧತಿ ಉಂಟು. ನಡೆಯುತ್ತಿರುವ ಹೋಟೆಲನ್ನು ಕೊಳ್ಳುವವನು ತಾನು ಕೊಳ್ಳಲು ಬಂದವನೆಂದು ಹೇಳುವುದಿಲ್ಲ. ಮಾತಾಡಲು ಬೇರೆಯವನನ್ನು ಮುಂದೆ ಬಿಟ್ಟು, ತಾನು ಹಿಂದಿನಿಂದ ಎಲ್ಲ ನೋಡಿಕೊಳ್ಳುತ್ತಾನೆ.

"ಗೊತ್ತಾದರೆ ನಮಗಾಗಿ ಬೇರೆ ಸಾಂಬಾರು ಮಾಡ್ತಾರೆ. ಸೇರುವವ ನೀನು. ನಾನು ಜೊತೆಗೆ ಬಂದವ."

"ಮಾವ, ನನಗೆ ಐವತ್ತೊಂಬತ್ತು. ಯಾರು ನಂಬ್ತಾರೆ?"

ಎಲ್ಲರೂ ನಂಬಿದರು. ನನ್ನ ತಲೆ ಪೂರ್ತಿ ಬೆಳ್ಳಗೆ, ರಬಾಳೆಯ ಕಾರ್ಖಾನೆಯಲ್ಲಿ ಕೂತು ಕೂತು ಸೊಂಟಕ್ಕೆ ಬೆಲ್ಟು ಬಂದಿದೆ. ಮಾವ ಭಾನುವಾರ ತಪ್ಪದೆ ಕೂದಲಿಗೆ ಡೈ ಹಚ್ಚುವವರು. ಮೊದಲ ಜಾಗ ಮಾಜಿವಾಡಾದ್ದು, ಹದಿನೆಂಟು ಮಾಳಿಗೆಯದು. ರಿಸೆಪ್ಷನ್ನಿನ ಹುಡುಗಿ ಸೀದಾ ನನ್ನ ಕೈ ಹಿಡಿದು, ಕಿವಿಯ ಹತ್ತಿರ ಬಾಯಿಟ್ಟು, "ಅಂಕಲ್, ಡರಿಯೇ ಮತ್!" ಎಂದು, ನಾನು ಹೆದರಿ ನಿಂತವನೆಂಬಂತೆ, ಕೂಗಿದಳು. ವೀಲ್‌ಚೇರ್ ತರಿಸಿದಳು. ಬಿಪಿ ನೋಡಿದಳು. ಅವಳ ಕೂಗಿಗೇ ಅದು ಏರಿತ್ತು. ಅಷ್ಟರಲ್ಲಿ ಮಾವ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆ ಹೊಕ್ಕು ಬಂದರು.

"ಬೇಡ," ಎಂದರು ಲಿಫ್ಟಿನಲ್ಲಿ. "ಅಡುಗೆಯವ ಮನೆಯಿಂದ ಡಬ್ಬಿ ತರ್ತಾನೆ. ಅವ ಮಾಡಿದ್ದನ್ನು ಅವನೇ ತಿನ್ನುವುದಿಲ್ಲ, ನಾನು ತಿನ್ನಬೇಕಾ?"

ಎರಡನೆಯದು ಕಲ್ಯಾಣದ ಹೊರಗೆ. ಅಲ್ಲಿನ ಮ್ಯಾನೇಜರು ಹಾಸಿಗೆ ಪರೀಕ್ಷಿಸಲು ನನ್ನನ್ನು ಮಲಗಿಸಿದರು. ಬೆಳಿಗ್ಗೆ ಬೇಗ ಎದ್ದದ್ದಕ್ಕೋ ಏನೋ, ನನಗೆ ಗಡದ್ದಾಗಿ ನಿದ್ದೆ ಹತ್ತಿತು. ಎದ್ದಾಗ ಯಾರೋ ಶಾಲು ಹೊದೆಸಿದ್ದರು, ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಬರೆಯುವುದಷ್ಟೇ ಬಾಕಿ ಇತ್ತು. ಮಾವ ಊಟದ ಕೋಣೆಯ ಮೋರಿಯ ಬಳಿ ನಿಂತು, ತೊಳೆಯಲು ಬರುವ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಹೋಗುವ ತಟ್ಟೆ ಯಾರು ಬೇಕಾದರೂ ಚಂದ ಮಾಡ್ತಾರೆ. ವಾಪಸು ಬರುವ ತಟ್ಟೆ ನೋಡಬೇಕು. ಪಲ್ಯ ಯಾರೂ ಮುಟ್ಟಲಿಲ್ಲ. ಏಳು, ಹೋಗುವ."

"ನಿಮ್ಮ ಸಾಂಬಾರಿನ ಹುಚ್ಚಿನಲ್ಲಿ ನನ್ನನ್ನೇ ಸೇರಿಸಿಬಿಡ್ತಾರೆ!" ಎಂದು ನಾನು ರೇಗಿದೆ. ಮಾವ ನನ್ನ ಸೊಂಟದ ಬೆಲ್ಟು ನೋಡಿ, "ನಿನಗೂ ಬೇಕಾದೀತು," ಎಂದರು.

ಮೂರನೆಯದು ಪನವೇಲ್ ಕಡೆ, ಗುಡ್ಡದ ಕೆಳಗಿನ ಹಳೆಯ ಬಂಗಲೆ. ಇಪ್ಪತ್ತು ಜನ ಮಾತ್ರ. ನಡೆಸುವಾಕೆ ಮೊದಲು ನರ್ಸ್ ಆಗಿದ್ದ ಮರಾಠಿ ಹೆಂಗಸು. ನಾವು ಹೋದಾಗ ಊಟದ ಹೊತ್ತು. ಮುದುಕರ ಪಂಕ್ತಿಯಲ್ಲೇ ಅಡುಗೆಯವಳೂ ಕಸ ಗುಡಿಸುವವಳೂ ಕೂತು ಅದೇ ಅನ್ನ, ಅದೇ ಬೇಳೆಯ ಆಮಟಿ ಉಣ್ಣುತ್ತಿದ್ದರು. ವಾಪಸು ಬಂದ ತಟ್ಟೆಗಳಲ್ಲಿ ಕರಿಬೇವು ಬಿಟ್ಟರೆ ಏನೂ ಇರಲಿಲ್ಲ. ಮಾವ ನನಗೆ ಮೆಲ್ಲಗೆ ಮೊಣಕೈಯಲ್ಲಿ ತಿವಿದರು. ಅವರಿಗೆ ಹಿಡಿಸಿತ್ತು.

ಆಕೆ ಫಾರ್ಮು ತೆಗೆದು, ನನ್ನನ್ನು ಕನಿಕರದಿಂದ ನೋಡಿ, ಮಾವನನ್ನು ಕೇಳಿದರು: "ಇವರಿಗೆ ಮನೆಯವರು ಯಾರೂ ಇಲ್ಲವೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕುರ್ಚಿಯಲ್ಲಿ ಮಿಸುಕಾಡಿದೆ. ಮಾವ ತಮ್ಮ ಹೋಟೆಲಿನ ಮರಾಠಿಯಲ್ಲಿ, ನನ್ನ ಕಡೆ ನೋಡದೆ, ಉತ್ತರ ಕೊಟ್ಟರು.

"ಒಬ್ಬ ಅಳಿಯ ಇದ್ದಾನೆ. ಒಳ್ಳೆಯವನೇ. ಹಬ್ಬಕ್ಕೆ ಬರ್ತಾನೆ, ಔಷಧಿ ತಂದುಕೊಡ್ತಾನೆ. ಆದರೆ ಬಾ ಅಂತ ಕರೀಲಿಲ್ಲ. ಕರೆದರೂ ಇವರು ಹೋಗುವವರಲ್ಲ ಬಿಡಿ. ಆದರೂ ಕರೀಬಹುದಿತ್ತು."

ಆಕೆ, "ಈಗಿನವರೇ ಹಾಗೆ," ಎಂದು ನನ್ನ ಬೆನ್ನು ಸವರಿದರು. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ಮನೆಯಲ್ಲಿ ಕೇಳಬೇಕು, ಮಗನ ವರ್ಕ್ ಫ್ರಮ್ ಹೋಮ್, ಹೆಂಡತಿಯ ತಲೆನೋವು ಎಂದು ನಾನು ಎರಡು ತಿಂಗಳಿಂದ ಹೊಲಿದಿಟ್ಟ ಒಂದು ನೆಪವೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಮಾವ," ಎಂದೆ ತುಳುವಿನಲ್ಲಿ, "ನಮ್ಮ ಮನೆಗೆ ಬನ್ನಿ."

ಆಕೆಗೆ ಭಾಷೆ ತಿಳಿಯಲಿಲ್ಲ. ಮುದುಕ ಹೆದರಿದ್ದಾನೆ ಎಂದುಕೊಂಡು ನನಗೆ ನೀರು ತರಲು ಎದ್ದುಹೋದರು.

"ಬರುವುದಿಲ್ಲ," ಎಂದರು ಮಾವ. "ನಿನ್ನ ಹೆಂಡತಿಯ ಸಾರು ಕಂಡು ನಾನು ಸುಮ್ಮನಿರುವವನಲ್ಲ. ನಾನು ಬಾಯಿಬಿಟ್ಟರೆ ಅವಳು ಸುಮ್ಮನಿರುವವಳಲ್ಲ. ಆಮೇಲೆ ನಿನ್ನನ್ನು ಇಲ್ಲಿ ಸೇರಿಸಬೇಕಾದೀತು." ಫಾರ್ಮನ್ನು ತಮ್ಮತ್ತ ಎಳೆದುಕೊಂಡು, ಕನ್ನಡಕ ಹಾಕಿ, ಪೆನ್ನು ಹಿಡಿದು, ನನ್ನ ಕಡೆ ತಿರುಗಿದರು.

"ಇನ್ನೊಮ್ಮೆ ಕರಿ," ಎಂದರು.

"ಬನ್ನಿ ಮಾವ. ನಿಜವಾಗಿ ಬನ್ನಿ."

"ಇಲ್ಲ ಮಾರಾಯ," ಎಂದು ಮಾವ, ಮುಖ ತುಂಬ ನಗುತ್ತ, ಸೇರುವವರ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಬರೆದರು.